ಆಟೋಕ್ರಾಸ್ ಕಾರಿಗೆ ಬೈಕ್ ಎಂಜಿನ್: 390 ಹಾಕಲಾ, 650 ಹಾಕಲಾ, ಇಲ್ಲ ಸಾಲ ಮಾಡಿ ಬುಸಾ ತರಲಾ?

ಕೆಂಪುಧೂಳು (ತುಮಕೂರು)
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ 1998ರ ಮಾರುತಿ 800 ಒಂದು ನಿಂತಿದೆ. ಆರ್‌ಸಿ ಅವಧಿ ಮುಗಿದು ನಾಲ್ಕು ವರ್ಷ ಆಯ್ತು. ಸೀಟು, ಕಾರ್ಪೆಟ್, ಹಿಂದಿನ ಗಾಜು ಎಲ್ಲ ಕಿತ್ತಾಗಿದೆ. ಇದನ್ನು ಆಟೋಕ್ರಾಸ್‌ಗೆ ಮಾತ್ರ ಓಡಿಸುವುದು ಅಂತ ತೀರ್ಮಾನ. ನಮ್ಮ ಕಡೆ ಆಟೋಕ್ರಾಸ್ ಅಂದರೆ ಗೊತ್ತಲ್ವಾ, ಖಾಲಿ ಜಾಗದಲ್ಲಿ ಮಣ್ಣಿನ ಟ್ರ್ಯಾಕ್, ಒಬ್ಬೊಬ್ಬರೇ ಗಡಿಯಾರದ ಜೊತೆ ಓಡುವುದು.

ಹಳೇ ಎಂಜಿನ್ ಹೊಗೆ ಕಾರುತ್ತಿದೆ. ಅದನ್ನು ರಿಪೇರಿ ಮಾಡಿಸುವ ಬದಲು ಬೈಕ್ ಎಂಜಿನ್ ಹಾಕೋಣ ಅಂತ. ಮೂರು ದಾರಿ ಇವೆ: ಕೆಟಿಎಂ 390, ರಾಯಲ್ ಎನ್‌ಫೀಲ್ಡ್ 650, ಇಲ್ಲಾಂದ್ರೆ ಸುಜುಕಿಯ ಹಯಾಬುಸಾ, ಅದೇ ಬುಸಾ (ಒಬ್ಬರು ಕೊಡಿಸುತ್ತೇನೆ ಅಂತಿದ್ದಾರೆ, ರೇಟ್ ಕೇಳಿದರೆ ಎದೆ ನೋವು ಬರುತ್ತೆ). ಯಾವುದು ಸರಿ?

ಗುಜರಿ_ಗುರು
ಬುಸಾ. ಮುಂದಿನ ಪ್ರಶ್ನೆ?

ಲೇತ್_ಮಾಮ
ಎಂಜಿನ್ ಆಮೇಲೆ ನೋಡೋಣ. ಕಾರಿನ ತೂಕ ಎಷ್ಟು?

ಕೆಂಪುಧೂಳು
ಮಾಮ, ಕಂಪನಿ ಲೆಕ್ಕದಲ್ಲಿ 650 ಕೆಜಿ ಹತ್ತಿರ. ಕಿತ್ತ ಮೇಲೆ ತೂಕ ಹಾಕಿಲ್ಲ. ನಾನು 80 ಕೆಜಿ (ಹಬ್ಬದ ಮುಂಚೆ).

ಲೇತ್_ಮಾಮ
ಟೆಂಪೋ ಮೇಲೆ ಹಾಕಿಕೊಂಡು ವೇಬ್ರಿಡ್ಜ್‌ಗೆ ಹೋಗಿ ಬಾ. ನಿಮ್ಮೂರಲ್ಲಿ ಹುಣಸೆಹಣ್ಣು ತೂಗೋ ಕಡೆ ಎಲ್ಲಾದರೂ ಆಗುತ್ತೆ. ಟೆಂಪೋ ಖಾಲಿ ಒಂದ್ಸಲ, ಕಾರಿನ ಜೊತೆ ಒಂದ್ಸಲ. ಆ ನಂಬರ್ ಇಲ್ಲದೆ ಎಂಜಿನ್ ಆರಿಸೋದು ಅಂದರೆ ಅಳತೆ ಕೊಡದೆ ಬ್ಲೌಸ್ ಹೊಲಿಸಿದ ಹಾಗೆ.

ಹುಬ್ಬಳ್ಳಿ_ರೋಡ್‌ಕಿಂಗ್
ಬೈಕ್ ಎಂಜಿನ್ ಯಾಕ್ರೀ? 800ಕ್ಕೆ ಎಸ್ಟೀಮ್‌ನ 1.3 ಹಾಕೋದು ಎಲ್ಲರಿಗೂ ಗೊತ್ತಿರೋ ದಾರಿ. ಅದೇ ಸುಜುಕಿ ಮನೆತನದ ಎಂಜಿನ್. 16 ವಾಲ್ವ್‌ನದು 85 ಎಚ್‌ಪಿ ಕೊಡುತ್ತೆ. ಗೇರ್‌ಬಾಕ್ಸ್ ಜೊತೆಗೇ ಬರುತ್ತೆ, ರಿವರ್ಸ್ ಇರುತ್ತೆ, ಸ್ಪೇರ್ ಬೆಂಗಳೂರಿನ ಜೆ.ಸಿ. ರೋಡಲ್ಲಿ ಸಿಗುತ್ತೆ. ಹಳೇ 390ಯಲ್ಲಿ ಎಷ್ಟಿದೆ? 43. ನಿಮ್ಮ ಹಳೇ 800 ಎಂಜಿನ್ನೇ 37. ಆರು ಕುದುರೆಗೋಸ್ಕರ ಕಾರಿನ ಹೊಟ್ಟೆ ಕುಯ್ಯುತ್ತೀರಾ?

ಕೆಂಪುಧೂಳು
ಸರ್, ಕುದುರೆ ಒಂದೇ ಅಲ್ಲ. ಬೈಕ್ ಎಂಜಿನ್‌ನಲ್ಲಿ ಗೇರ್‌ಬಾಕ್ಸ್ ಒಳಗೇ ಇದೆ, ಅದೂ ಸೀಕ್ವೆನ್ಷಿಯಲ್. ಲಿವರ್ ಹಿಂದಕ್ಕೆ ಎಳೆದರೆ ಮೇಲಿನ ಗೇರ್, ಮುಂದಕ್ಕೆ ತಳ್ಳಿದರೆ ಕೆಳಗಿನದು. ಮತ್ತೆ 390 ಎಂಜಿನ್ನನ್ನು ನಾನೊಬ್ಬನೇ ಎತ್ತಬಹುದು. ಎಸ್ಟೀಮ್ ಎಂಜಿನ್ ಎತ್ತೋಕೆ ಚೈನ್ ಪುಲ್ಲಿ ಬೇಕು.

ಫಾರ್ಮುಲಾ_ಹುಡುಗಿ
390 ಪಕ್ಷದಿಂದ ನಾನು. ಕಾಲೇಜಿನಲ್ಲಿ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಓಡಿಸುವ ಸ್ಪರ್ಧೆ) ತಂಡದಲ್ಲಿ ಎರಡು ವರ್ಷ ಎಂಜಿನ್, ಗೇರ್ ಕೆಲಸ ನೋಡಿಕೊಂಡಿದ್ದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಅದರ ನಮ್ಮ ದೇಶದ ಸ್ಪರ್ಧೆ ಫಾರ್ಮುಲಾ ಭಾರತ್‌ಗೆ ಬರುವ ಪೆಟ್ರೋಲ್ ಕಾರುಗಳ ಹಿಂಭಾಗ ಇಣುಕಿ ನೋಡಿ, ಸಾಲಾಗಿ 390ಗಳೇ ಕಾಣುತ್ತವೆ. ನಿಯಮದ ಪ್ರಕಾರ 710 ಸಿಸಿವರೆಗೆ ಹಾಕಬಹುದು, ಆದರೆ ಎಲ್ಲ ಗಾಳಿಯೂ 20 ಮಿಮೀ ತೂತಿನಲ್ಲೇ ನುಗ್ಗಬೇಕು. ಹಾಗಾಗಿ ನಾಲ್ಕು ಸಿಲಿಂಡರಿನ 600ಕ್ಕೆ ಗಂಟಲು ಕಟ್ಟಿದ ಹಾಗಾಗುತ್ತೆ. ಸಿಂಗಲ್‌ಗೆ ಅಷ್ಟು ನಷ್ಟ ಇಲ್ಲ, ತೂಕವೂ ಕಡಿಮೆ.

ಆದರೆ ಅಣ್ಣ, ನಮ್ಮ ಕಾರು ಡ್ರೈವರ್ ಇಲ್ಲದೆ 240 ಕೆಜಿ ಇತ್ತು. ನಿಮ್ಮದು ಇಡೀ ಮಾರುತಿ ಕಾರು. ಇದನ್ನು ಮರೆಯಬೇಡಿ.

ಇನ್ನೊಂದು. ಬೈಕ್ ತಗೊಂಡರೆ ಎಂಜಿನ್ ಮಾತ್ರ ತರಬೇಡಿ. ವೈರಿಂಗ್ ಪೂರ್ತಿ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಇಗ್ನಿಷನ್ ಕೀ, ಮೀಟರ್, ಎಲ್ಲ ಒಂದೇ ಗಾಡಿಯದ್ದು ಬೇಕು. ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್, ಗಾಡಿ ಬಿದ್ದರೆ ಎಂಜಿನ್ ಆಫ್ ಮಾಡುವ ಸೆನ್ಸರ್ ಇವನ್ನೂ ಬಿಡಬೇಡಿ. ಆ ಸೆನ್ಸರನ್ನು ನಮ್ಮ ಜೂನಿಯರ್ ಒಬ್ಬ ಅಡ್ಡಡ್ಡ ಟೈ ಹಾಕಿ ಕಟ್ಟಿದ್ದ. ಬ್ರೇಕ್ ಟೆಸ್ಟ್ ಲೈನ್‌ನಲ್ಲಿ ಕಾರು ಸ್ಟಾರ್ಟೇ ಆಗಲಿಲ್ಲ. ಪೆಟ್ರೋಲ್ ಪಂಪ್ ಬಿಚ್ಚಿದೆವು, ಪ್ಲಗ್ ಬದಲಾಯಿಸಿದೆವು, ದೇವರಿಗೆ ಹರಕೆ ಹೊತ್ತೆವು. ಕೊನೆಗೆ ನೋಡಿದರೆ ಇಸಿಯು ಲೆಕ್ಕದಲ್ಲಿ ಬೈಕ್ ರಸ್ತೆ ಮೇಲೆ ಮಲಗಿತ್ತು!

ಮಲ್ಪೆ_ಮೀನು
ಬೈಕ್ ಮಲಗಿತ್ತು 😂 ಮಾರಾಯ್ರೆ, ನಗಾಡಿ ಸಾಕಾಯ್ತು.

ಗುಜರಿ_ಗುರು
ಎಲ್ಲ ಸರಿ, ಆದರೆ ಬುಸಾ ಇದ್ದರೆ ಈ ತೂಕದ ತಲೆನೋವೇ ಇಲ್ಲ. 1999ರ ಮೊದಲನೇ ಮಾಡೆಲ್ಲೇ 1299 ಸಿಸಿ, 170ಕ್ಕೂ ಜಾಸ್ತಿ ಎಚ್‌ಪಿ. 2008ರಿಂದ 1340 ಸಿಸಿ. ಇಂಗ್ಲೆಂಡಿನ ರಾಡಿಕಲ್ ಕಂಪನಿ ರೇಸ್ ಕಾರುಗಳಿಗೆ ಹಾಕುವುದು ಇದೇ ಎಂಜಿನ್. ಅವರೇನು ದಡ್ಡರಾ?

ಲೇತ್_ಮಾಮ
ದಡ್ಡರಲ್ಲ. ಅವರು ಬುಸಾ ಎಂಜಿನ್ನನ್ನು ಬಿಚ್ಚಿ, ರೇಸಿಗೆ ಬೇಕಾದ ಹಾಗೆ ಮತ್ತೆ ಕಟ್ಟಿ, ಡ್ರೈ ಸಂಪ್ (ಆಯಿಲನ್ನು ಬೇರೆ ಟ್ಯಾಂಕಿನಲ್ಲಿ ಇಡುವ ವ್ಯವಸ್ಥೆ) ಹಾಕಿ ಕೂರಿಸುತ್ತಾರೆ. ನೀನು ಗುಜರಿಯಿಂದ ತಂದು ಪಟ್ಟಿ ವೆಲ್ಡ್ ಮಾಡಿ ಕೂರಿಸುತ್ತೀಯ. ಅದರಲ್ಲಿ ವ್ಯತ್ಯಾಸ ಇದೆ ಗುರು.

ಓಹಿಯೋ_ಭಟ್ರು
ಆಯಿಲ್ ವಿಷಯ ಬಂತಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಬೈಕ್ ತಿರುವಿನಲ್ಲಿ ವಾಲುತ್ತೆ. ಹಾಗಾಗಿ ಆಯಿಲ್ ಯಾವಾಗಲೂ ಸಂಪ್‌ನ, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ ತಳದಲ್ಲೇ ಇರುತ್ತೆ, ಬಕೆಟ್ ಹಿಡಿದು ಗಿರಗಿರ ತಿರುಗಿಸಿದರೂ ನೀರು ಚೆಲ್ಲದ ಹಾಗೆ. ಅದೇ ಎಂಜಿನ್ನನ್ನು ಕಾರಿಗೆ ಹಾಕಿ. ಕಾರು ವಾಲುವುದಿಲ್ಲ, ಆಯಿಲ್ ಎಲ್ಲ ಒಂದು ಪಕ್ಕಕ್ಕೆ ಏರಿ ನಿಲ್ಲುತ್ತೆ. ಪಂಪ್ ಗಾಳಿ ಹೀರುತ್ತೆ. ಎರಡು ಸೆಕೆಂಡ್ ಸಾಕು, ಕನೆಕ್ಟಿಂಗ್ ರಾಡಿನ ಬುಡದ ಬಿಗ್ ಎಂಡ್ ಬೇರಿಂಗ್ ಉರಿದು ಹೋಗುತ್ತೆ.

ನಾನು ಇಲ್ಲಿ 600 ಸಿಸಿ ನಾಲ್ಕು ಸಿಲಿಂಡರ್ ಎಂಜಿನ್ ಹಾಕಿದ ಚಿಕ್ಕ ಸಿಂಗಲ್ ಸೀಟರ್ ಓಡಿಸುತ್ತಿದ್ದೆ. ಸಂಪ್‌ನಲ್ಲಿ ಆಯಿಲ್ ಪಕ್ಕಕ್ಕೆ ಓಡದ ಹಾಗೆ ತಡೆ ತಗಡು ಹಾಕಿಸಿರಲಿಲ್ಲ. ತಪ್ಪು ನನ್ನದೇ. ಮೂರನೇ ಸ್ಪರ್ಧೆಯಲ್ಲಿ ಉದ್ದನೆಯ ಎಡ ತಿರುವಿನಲ್ಲಿ ಆಯಿಲ್ ದೀಪ ಮಿನುಗಿತು. 'ಆಮೇಲೆ ನೋಡೋಣ' ಅಂದುಕೊಂಡೆ. ಮುಂದಿನ ರನ್‌ನಲ್ಲಿ ಕನೆಕ್ಟಿಂಗ್ ರಾಡ್ ಎಂಜಿನ್ ಕೇಸಿನಿಂದ ಹೊರಗೆ ಬಂದು ನಮಸ್ಕಾರ ಹೇಳಿತು.

ಇಲ್ಲಿ ಅಮೆರಿಕದಲ್ಲಿ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್) ನಡೆಸುವ ಆಟೋಕ್ರಾಸ್ ಅಂದರೆ ಡಾಂಬರು ಅಥವಾ ಕಾಂಕ್ರೀಟ್ ಮೈದಾನದಲ್ಲಿ ಕೋನ್ ಇಟ್ಟು ಓಡಿಸುವುದು. ಒಂದು ಕೋನ್ ಬಿದ್ದರೆ 2 ಸೆಕೆಂಡ್ ದಂಡ. ಟಯರ್ ಹಿಡಿತ ಜಾಸ್ತಿ ಇರುವುದರಿಂದ ಆಯಿಲ್ ಸಮಸ್ಯೆಯೂ ಜಾಸ್ತಿ. ನಿಮ್ಮದು ಮಣ್ಣು, ಕಾರು ಜಾರುತ್ತೆ, ಆಯಿಲ್ ಅಷ್ಟು ಏರುವುದಿಲ್ಲ. ಆದರೂ ತಡೆ ತಗಡು ಹಾಕಿಸಿ. ಎಷ್ಟೋ ಜನ ಆಯಿಲನ್ನು ಮೇಲಿನ ಗೆರೆಗಿಂತ ತುಸು ಜಾಸ್ತಿ ಹಾಕುತ್ತಾರೆ.

ಹುಬ್ಬಳ್ಳಿ_ರೋಡ್‌ಕಿಂಗ್
ಭಟ್ರೇ, ಅಲ್ಲಿ ಯಾವ ಎಂಜಿನ್ ಜಾಸ್ತಿ ಓಡುತ್ತೆ?

ಓಹಿಯೋ_ಭಟ್ರು
ಕ್ಲಾಸ್ ನೋಡಿ. ಎಫ್ ಮಾಡಿಫೈಡ್ ಅಂತ ಒಂದಿದೆ. ಅದರಲ್ಲಿ ಬಹಳ ವರ್ಷದಿಂದ ಫಾರ್ಮುಲಾ 500 ಕಾರುಗಳದ್ದೇ ರಾಜ್ಯ. ಅವುಗಳಲ್ಲಿ ಇರುವುದು ಬೈಕ್ ಎಂಜಿನ್ ಅಲ್ಲ, ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಎರಡು ಸ್ಟ್ರೋಕ್ ರೋಟ್ಯಾಕ್ಸ್. ಗೇರ್ ಇಲ್ಲ, ಬೆಲ್ಟ್ ಮೇಲೆ ಓಡುವ ಸಿವಿಟಿ. ನಮ್ಮ ಸ್ಕೂಟಿ ಥರ ಅಂದುಕೊಳ್ಳಿ. ತಿರುವಿನಿಂದ ಹೊರಗೆ ಬರುವಾಗ ಎಂಜಿನ್ ಸರಿಯಾದ ಆರ್‌ಪಿಎಂನಲ್ಲೇ ಕೂತಿರುತ್ತೆ. 600 ಬೈಕ್ ಎಂಜಿನ್‌ನವರು ಆಮೇಲೆ ಬಂದರು. ಪವರ್ ಇದೆ, ಆದರೆ 10,000 ಆರ್‌ಪಿಎಂ ಮೇಲೆ ಇಟ್ಟರೆ ಮಾತ್ರ. ಚಿಕ್ಕ ತಿರುವಿನಲ್ಲಿ ಕೆಳಗೆ ಬಿದ್ದರೆ ಮುಗೀತು, ಕಾರು ಆಕಳಿಸುತ್ತೆ.

ಮಲ್ಪೆ_ಮೀನು
ಸ್ಕೂಟಿ ಎಂಜಿನ್ನೇ ಹಾಕಿಬಿಡಿ ಹಾಗಾದ್ರೆ. ಹಿಂದೆ ಡಿಕ್ಕಿಯೂ ಸಿಗುತ್ತೆ.

ಬುಲೆಟ್_ಬಸ್ಯಾ
650 ಬಗ್ಗೆ ಯಾರೂ ಮಾತಾಡುತ್ತಿಲ್ಲ. 47 ಎಚ್‌ಪಿ, 52 ಎನ್‌ಎಂ ಟಾರ್ಕ್. ಹಳೇ 390ಯದ್ದು 35ರಿಂದ 37 ಎನ್‌ಎಂ ಅಷ್ಟೇ, ಅದೂ 7000ದ ಆಚೆ. ಮಣ್ಣಿನಲ್ಲಿ ಬೇಕಾಗಿರೋದು ಕೆಳಗಿನ ಎಳೆತ. 650 ಟ್ರ್ಯಾಕ್ಟರ್ ಥರ ಎಳೆಯುತ್ತೆ. ರೇಡಿಯೇಟರ್, ನೀರು, ಹೋಸ್ ಅಂತ ರಗಳೆನೂ ಇಲ್ಲ.

ಫಾರ್ಮುಲಾ_ಹುಡುಗಿ
ರೇಡಿಯೇಟರ್ ಇಲ್ಲದಿರುವುದೇ ರಗಳೆ! 650 ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವ ಎಂಜಿನ್. ಬೈಕಲ್ಲಿ ಮುಂದಿನಿಂದ ನೇರ ಗಾಳಿ ಹೊಡೆಯುತ್ತೆ. ಕಾರಿನ ಹಿಂದೆ, ಸೀಟಿನ ಬೆನ್ನಿಗೆ ಇಟ್ಟರೆ ಯಾವ ಗಾಳಿ? ಸ್ಟಾರ್ಟ್ ಲೈನ್‌ನಲ್ಲಿ ಹತ್ತು ನಿಮಿಷ ಕಾಯುವಾಗಲೇ ಬೆಂದು ಹೋಗುತ್ತೆ. 390 ಆದರೆ ರೇಡಿಯೇಟರನ್ನು ಎಲ್ಲಿ ಬೇಕಾದರೂ ಇಟ್ಟು ಫ್ಯಾನ್ ಹಾಕಬಹುದು.

ಬುಲೆಟ್_ಬಸ್ಯಾ
ಆಯಿಲ್ ಕೂಲರ್ ದೊಡ್ಡದು ಹಾಕಿ, ತಗಡಿನಲ್ಲಿ ಗಾಳಿ ದಾರಿ ಮಾಡಿ. ಎರಡು ನಿಮಿಷದ ರನ್‌ಗೆ ಇಷ್ಟೆಲ್ಲ ಹೆದರಬೇಕಾ? ಆಟೋರಿಕ್ಷಾ ಎಂಜಿನ್ ಎಲ್ಲಿರುತ್ತೆ? ಹಿಂದೇನೇ ಅಲ್ವಾ?

ಫಾರ್ಮುಲಾ_ಹುಡುಗಿ
ಆಟೋದಲ್ಲಿ ಫ್ಯಾನ್ ಇರುತ್ತೆ ಬಸ್ಯಣ್ಣ.

ಬುಲೆಟ್_ಬಸ್ಯಾ
ಸರಿ ತಾಯಿ, ಒಂದು ಫ್ಯಾನ್ ಹಾಕೋಣ. ಸೀಲಿಂಗ್ ಫ್ಯಾನೇ ಹಾಕೋಣ.

ಹಳೇ_ಮೈಸೂರು
ನಮ್ಮ ಕಾಲದಲ್ಲಿ ರಾಜದೂತ್ 350 ಎಂಜಿನ್ ಹಾಕಿ ಬಗ್ಗಿ (ಪೈಪಿನ ಹಗುರ ಕಾರು) ಕಟ್ಟುತ್ತಿದ್ದರು. ಅದರ 'ಹೈ ಟಾರ್ಕ್' ಮಾಡೆಲ್ ಆಗಿದ್ದರೆ 30 ಎಚ್‌ಪಿ. ಆ ಸೌಂಡ್! ಈಗಿನವಕ್ಕೆ ಆ ಸೌಂಡೇ ಇಲ್ಲ. ನನ್ನ ಹತ್ತಿರ ಇನ್ನೂ 1985ರ ಒಂದು ಯೆಜ್ಡಿ ರೋಡ್‌ಕಿಂಗ್ ಇದೆ, ನಮ್ಮ ಮೈಸೂರಿನ ಐಡಿಯಲ್ ಜಾವಾದಲ್ಲೇ ಮಾಡಿದ್ದು.

ಹುಬ್ಬಳ್ಳಿ_ರೋಡ್‌ಕಿಂಗ್
ನನ್ನ ಹೆಸರು ನೋಡಿ ಸರ್! ನಿಮ್ಮದು ಕೊಡುತ್ತೀರಾ?

ಹಳೇ_ಮೈಸೂರು
ಇಲ್ಲ. ಮಗಳ ಮದುವೆಗೇ ಮಾರಲಿಲ್ಲ, ಈಗ ಮಾರುತ್ತೀನಾ?

ಈ ಬೈಕ್ ಎಂಜಿನ್ ಕಾರು ಅನ್ನೋದು ಹೊಸದೇನಲ್ಲ ಕಣ್ರಪ್ಪ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ದುಡ್ಡಿಲ್ಲದ ಹುಡುಗರು 500 ಸಿಸಿ ಬೈಕ್ ಎಂಜಿನ್ ಹಾಕಿ ರೇಸ್ ಕಾರು ಕಟ್ಟಿದರು. ಕೂಪರ್ ಅಂತ ಅಪ್ಪ, ಮಗ 1946ರಲ್ಲಿ ಒಂದು ಮಾಡಿದರು. ಎಂಜಿನ್‌ನಿಂದ ಚಕ್ರಕ್ಕೆ ಚೈನ್ ಎಳೆಯಬೇಕಲ್ಲ, ಅದಕ್ಕೆ ಎಂಜಿನ್ನನ್ನು ಡ್ರೈವರ್ ಬೆನ್ನ ಹಿಂದೆ ಇಟ್ಟರು. ಆಮೇಲೆ ದೊಡ್ಡ ರೇಸರ್ ಆದ ಸ್ಟರ್ಲಿಂಗ್ ಮಾಸ್ ಶುರು ಮಾಡಿದ್ದು ಅಂಥ ಕಾರಲ್ಲೇ. 1959ರಲ್ಲಿ ಜ್ಯಾಕ್ ಬ್ರಾಭಮ್ ಎಂಜಿನ್ ಹಿಂದಿರುವ ಕೂಪರ್‌ನಲ್ಲೇ ಫಾರ್ಮುಲಾ ಒನ್ ಚಾಂಪಿಯನ್ ಆದ. ಒಂದು ಬೈಕ್ ಚೈನು ಎಲ್ಲಿಂದ ಎಲ್ಲಿಗೆ ಎಳೆದುಕೊಂಡು ಹೋಯ್ತು ನೋಡಿ.

ನಮ್ಮಲ್ಲಿ ಕೊಯಮತ್ತೂರಿನ ಕರಿವರ್ಧನ್ ಇದರ ಉಲ್ಟಾ ಮಾಡಿದರು. 800 ಎಂಜಿನ್ನನ್ನು ಕಿತ್ತು ಹಗುರ ಸಿಂಗಲ್ ಸೀಟರ್‌ಗೆ ಹಾಕಿದರು, ಅದೇ ಫಾರ್ಮುಲಾ ಮಾರುತಿ. ಆಮೇಲೆ ಫಾರ್ಮುಲಾ ಒನ್‌ಗೆ ಹೋದ ನರೇನ್ ಕಾರ್ತಿಕೇಯನ್ ಕೂಡ ಅದನ್ನು ಓಡಿಸಿದವರು. 800 ಎಂಜಿನ್ ಕೆಟ್ಟದ್ದಲ್ಲ. ಅದರ ಸುತ್ತ ಇರೋ ತಗಡು ಜಾಸ್ತಿ, ಅಷ್ಟೇ.

ಕೆಂಪುಧೂಳು
ಸರ್, ಕೊನೆಯ ಸಾಲು ಎದೆಗೆ ನಾಟಿತು.

ದಾಖಲೆ_ದಾಸ
ಮೂಡ್ ಹಾಳು ಮಾಡುತ್ತಿದ್ದೇನೆ, ಆದರೂ ಹೇಳಲೇಬೇಕು. ಇದನ್ನು ರಸ್ತೆ ಮೇಲೆ ಓಡಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ರೂಪ ಬದಲಾಯಿಸುವ ಹಾಗಿಲ್ಲ ಅಂತ ಹೇಳಿದೆ. ಟ್ರ್ಯಾಕ್‌ಗೆ ಟೆಂಪೋ ಮೇಲೆಯೇ ಹೋಗಬೇಕು. ಮತ್ತೆ ಎಂಜಿನ್ ತರುವಾಗ ಬಿಲ್ ತಗೊಳ್ಳಿ, ಎಂಜಿನ್ ನಂಬರ್ ಆರ್‌ಸಿ ಜೊತೆ ಹೊಂದುತ್ತಾ ನೋಡಿ. ನಾನೊಮ್ಮೆ ಬಿಲ್ ಇಲ್ಲದೆ ಒಂದು ಎಂಜಿನ್ ತಂದು, ಆಮೇಲೆ ಅದು ಕದ್ದ ಗಾಡಿಯದ್ದು ಅಂತ ಗೊತ್ತಾಗಿ, ಮೂರು ತಿಂಗಳು ಸ್ಟೇಷನ್‌ಗೆ ಅಲೆದಿದ್ದೇನೆ. ಮಾರಿದವನ ಫೋನ್ ಇವತ್ತಿಗೂ ಸ್ವಿಚ್ ಆಫ್.

ಗುಜರಿ_ಗುರು
ನನ್ನನ್ನು ಯಾಕೆ ನೋಡುತ್ತೀರಿ? ನಾನು ಬಿಲ್ ಕೊಡುತ್ತೇನೆ.

ಲೇತ್_ಮಾಮ
ಯಾರೂ ನಿನ್ನ ಹೆಸರು ಹೇಳಲಿಲ್ಲ ಗುರು.

ಕೆಂಪುಧೂಳು
ವೇಬ್ರಿಡ್ಜ್‌ಗೆ ಹೋಗಿ ಬಂದೆ. 800 ಈಗ 540 ಕೆಜಿ, ರೋಲ್ ಕೇಜ್ (ಕಾರು ಉರುಳಿದರೆ ಕಾಯುವ ಪೈಪಿನ ಗೂಡು) ಇನ್ನೂ ಹಾಕಿಲ್ಲ. ಅಲ್ಲಿದ್ದವರು 'ಇದರಲ್ಲಿ ಲೋಡ್ ಎಲ್ಲಿ?' ಅಂತ ಕೇಳಿದರು.

ಲೇತ್_ಮಾಮ
ಈಗ ಲೆಕ್ಕಕ್ಕೆ ಬಾ. ನೀನು ಸೇರಿ 620. ಹಳೇ ಎಂಜಿನ್ ಸರಿ ಮಾಡಿಸಿದರೆ ಟನ್ನಿಗೆ 60 ಎಚ್‌ಪಿ. 390 ಹಾಕಿದರೆ 69. 650 ಹಾಕಿದರೆ 76. ಎಸ್ಟೀಮ್ ಎಂಜಿನ್ ಸ್ವಲ್ಪ ಭಾರ, 640 ಅಂತ ಇಟ್ಟುಕೋ, ಆದರೂ 130 ದಾಟುತ್ತೆ. ಅಂದರೆ 800 ಇಟ್ಟುಕೊಳ್ಳೋದಾದರೆ ಹುಬ್ಬಳ್ಳಿಯವರು ಹೇಳಿದ್ದೇ ಸರಿ.

ಮತ್ತೆ 800ರಲ್ಲಿ ಮುಂದಿನ ಚಕ್ರ ಎಳೆಯೋದು. ಬೈಕ್ ಎಂಜಿನ್ ಹಾಕಿ ಚೈನ್ ಎಳೆಯಬೇಕಾದರೆ ಹಿಂದಿನ ಸೀಟಿನ ಜಾಗ ಕುಯ್ಯಬೇಕು, ಹಿಂದೆ ಆಕ್ಸಲ್ ಕೂರಿಸಬೇಕು. ಅಷ್ಟು ಕುಯ್ದ ಮೇಲೆ ಉಳಿಯೋದು ನಂಬರ್ ಪ್ಲೇಟ್ ಮಾತ್ರ.

ಗುಜರಿ_ಗುರು
ಬುಸಾ ಲೆಕ್ಕ ಹಾಕಲಿಲ್ಲ.

ಲೇತ್_ಮಾಮ
660 ಕೆಜಿ ಹಿಡಿದರೆ ಟನ್ನಿಗೆ 260ರ ಹತ್ತಿರ. ಸಾಕಾ? ಈಗ ಹೇಳು, ಮಣ್ಣಿನಲ್ಲಿ 60 ಮೀಟರ್ ನೇರ ದಾರಿ, ಆಮೇಲೆ ಹೇರ್‌ಪಿನ್. ಆ 170 ಕುದುರೆ ಎಲ್ಲಿ ಓಡುತ್ತವೆ? ಚಕ್ರ ಸುಮ್ನೆ ನಿಂತಲ್ಲೇ ಹೊಲ ಉಳುತ್ತೆ.

ಗುಜರಿ_ಗುರು
ನೋಡೋಕೆ ಚೆನ್ನಾಗಿರುತ್ತೆ ಆದರೆ.

ಫಾರ್ಮುಲಾ_ಹುಡುಗಿ
ಅಣ್ಣ, 800 ಬಿಟ್ಟು ಪೈಪ್ ಚಾಸಿಸ್ ಮಾಡಿ. ಡ್ರೈವರ್ ಇಲ್ಲದೆ 280 ಕೆಜಿಯಲ್ಲಿ ಮುಗಿಸಬಹುದು. ನೀವು ಸೇರಿ 360, ಅದಕ್ಕೆ 390 ಹಾಕಿದರೆ ಟನ್ನಿಗೆ 119 ಬರುತ್ತೆ. 800ರ ಸ್ಟಿಯರಿಂಗ್ ರ‍್ಯಾಕ್, ಹಬ್, ಬ್ರೇಕ್, ಚಕ್ರ ಎಲ್ಲ ಇದಕ್ಕೇ ಬರುತ್ತೆ.

ಗೇರಿಂಗ್ ಕೂಡ ಹೊಂದುತ್ತೆ. 390ಯ ಪ್ರೈಮರಿ (ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಗೇರ್ ಜೋಡಿ) 30ಕ್ಕೆ 80, ಚೈನ್ 15ಕ್ಕೆ 45 ಹಲ್ಲು. 800ರ 145/70 ಆರ್12 ಟಯರ್ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಹೋಗುತ್ತೆ. 9,500 ಆರ್‌ಪಿಎಂಗೆ ಮೊದಲ ಗೇರ್ ಸುಮಾರು 43 ಕಿಮೀ, ಎರಡನೇದು 61, ಮೂರನೇದು 80. ಆಟೋಕ್ರಾಸ್‌ಗೆ ಬೇಕಾದ ವೇಗ ಇಷ್ಟೇ. ಬೈಕಿನ ಮೂಲ ಸ್ಪ್ರಾಕೆಟ್ಟೇ ಸಾಕು, ಚಿಕ್ಕ ಟಯರ್ ಪುಕ್ಕಟೆ ಗೇರಿಂಗ್ ಕೊಡುತ್ತೆ.

ಬುಲೆಟ್_ಬಸ್ಯಾ
ಇಷ್ಟು ಲೆಕ್ಕ ನಮ್ಮ ಮೇಷ್ಟ್ರೂ ಹಾಕುತ್ತಿರಲಿಲ್ಲ. ಆಯ್ತು, 390. ಆದರೆ ಕ್ಲಚ್? 170 ಕೆಜಿ ಬೈಕಿಗೆ ಮಾಡಿದ ಪ್ಲೇಟ್ ಅದು.

ಓಹಿಯೋ_ಭಟ್ರು
ಬಸ್ಯಣ್ಣ ಹೇಳಿದ್ದು ನಿಜ. ಗಟ್ಟಿ ಸ್ಪ್ರಿಂಗ್ ಹಾಕಿ, ಪ್ಲೇಟ್ ಒಂದು ಸೆಟ್ ಜೊತೆಗೆ ಇಟ್ಟುಕೊಳ್ಳಿ. ಕಾರಿನ ಆಯಿಲ್ ಹಾಕಲೇಬೇಡಿ. ಕ್ಲಚ್ ಆಯಿಲ್ ಒಳಗೇ ಮುಳುಗಿರುತ್ತೆ, ಕಾರಿನ ಆಯಿಲ್‌ನಲ್ಲಿ ಜಾರಿಸುವ ಮದ್ದು ಇರುತ್ತೆ. ಡಬ್ಬದ ಮೇಲೆ ಜಾಸೋ ಎಂಎ2 ಅಂತ ಇರಬೇಕು.

ಇನ್ನೊಂದು, 2017ಕ್ಕಿಂತ ಹಿಂದಿನ ಡ್ಯೂಕ್ 390 ಹುಡುಕಿ. ಅದರಲ್ಲಿ ಆಕ್ಸಿಲರೇಟರ್ ಕೇಬಲ್ ಇದೆ, ಪೆಡಲ್‌ಗೆ ನೇರ ಕಟ್ಟಬಹುದು. ಆಮೇಲಿನದ್ದರಲ್ಲಿ ಎಲ್ಲ ಎಲೆಕ್ಟ್ರಾನಿಕ್.

ಮಲ್ಪೆ_ಮೀನು
ರಿವರ್ಸ್ ಗೇರ್?

ಲೇತ್_ಮಾಮ
ಇಲ್ಲ. ಸ್ಪಿನ್ ಆದರೆ ಇಳಿದು ತಳ್ಳಬೇಕು. ನಿಯಮದಲ್ಲಿ ರಿವರ್ಸ್ ಕೇಳಿದ್ದಾರಾ ಅಂತ ಮೊದಲು ಓದು. ಕೇಳಿದ್ದರೆ ಹಳೇ ಸ್ಟಾರ್ಟರ್ ಮೋಟಾರ್ ಒಂದನ್ನು ಆಕ್ಸಲ್‌ಗೆ ಕಚ್ಚೋ ಹಾಗೆ ಮಾಡಿಕೊಡುತ್ತೇನೆ.

ರಿವರ್ಸ್ ಅಂದಾಗ ನೆನಪಾಯ್ತು. ನನ್ನ ಹತ್ತಿರ ಒಬ್ಬ ಹುಡುಗ ಬಗ್ಗಿ ತಂದಿದ್ದ. ಎಕ್ಸಾಸ್ಟ್ ಪೈಪ್‌ಗೆ ಜಾಗ ಸಿಗಲಿಲ್ಲ ಅಂತ ಎಂಜಿನ್ನನ್ನು ಹಿಂದುಮುಂದು ಕೂರಿಸಿದ್ದ. ಪುಣ್ಯಾತ್ಮನಿಗೆ ರಿವರ್ಸ್ ಚಿಂತೆಯೇ ಇರಲಿಲ್ಲ, ಆರು ರಿವರ್ಸ್ ಗೇರ್ ಇತ್ತು. ಮುಂದಕ್ಕೆ ಹೋಗೋಕೆ ಒಂದೂ ಇರಲಿಲ್ಲ.

ಮಲ್ಪೆ_ಮೀನು
😂😂😂

ಹಳೇ_ಮೈಸೂರು
ಚೈನಿಗೆ ದಪ್ಪ ತಗಡಿನ ಗಾರ್ಡ್ ಮರೆಯಬೇಡಿ. ಬೆನ್ನ ಹಿಂದೆ ಚೈನ್ ತುಂಡಾದರೆ ಚಾವಟಿ ಏಟು. ನಾನು ನೋಡಿದ್ದೇನೆ, ತಮಾಷೆ ಅಲ್ಲ.

ಹುಬ್ಬಳ್ಳಿ_ರೋಡ್‌ಕಿಂಗ್
ಹಿಂದೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡೋದು) ಹಾಕುತ್ತೀರೋ, ಕಾರ್ಟ್ ಥರ ಒಂದೇ ಆಕ್ಸಲ್ಲೋ?

ಫಾರ್ಮುಲಾ_ಹುಡುಗಿ
ಮಣ್ಣಿಗೆ ಒಂದೇ ಆಕ್ಸಲ್ ಸಾಕು, ಹಿಂಭಾಗ ಹೇಗೂ ಜಾರುತ್ತೆ. ಡಾಂಬರಿನಲ್ಲಿ ಓಡಿಸಿದರೆ ಮುಂಭಾಗ ತಿರುಗದೆ ನೇರ ಹೋಗುತ್ತೆ, ಆಗ ಬೇಜಾರು ಮಾಡಿಕೊಳ್ಳಬೇಡಿ.

ಕೆಂಪುಧೂಳು
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಕಡೆ ಸ್ಪರ್ಧೆ ನಡೆಸುವವರಿಗೆ ಫೋನ್ ಮಾಡಿ ಕೇಳಿದೆ. ಪೈಪ್ ಬಗ್ಗಿಯಾದರೆ ಓಪನ್ ಕ್ಲಾಸ್, ರಿವರ್ಸ್ ಕಡ್ಡಾಯ ಇಲ್ಲ, ಕೇಜ್ ಮತ್ತು ಐದು ಪಾಯಿಂಟ್ ಬೆಲ್ಟ್ ಕಡ್ಡಾಯ ಅಂದರು. ಹಾಗಾಗಿ ಪೈಪ್ ಚಾಸಿಸ್, 2015ರ 390. ಆಕ್ಸಿಡೆಂಟ್ ಆದ ಗಾಡಿ ಒಂದು ಪೂರ್ತಿ ಸಿಕ್ಕಿದೆ, ಆರ್‌ಸಿ ಜೊತೆ, ಕೀ ಜೊತೆ. ಬೀಳುವ ಸೆನ್ಸರನ್ನು ನೆಟ್ಟಗೇ ಕಟ್ಟುತ್ತೇನೆ.

ಲೇತ್ ಮಾಮ, ಭಾನುವಾರ ಬರುತ್ತೇನೆ. ಸಂಪ್‌ಗೆ ತಡೆ ತಗಡು ನೀವೇ ಮಾಡಿಕೊಡಬೇಕು.

ಲೇತ್_ಮಾಮ
ಭಾನುವಾರ ರಜೆ. ಸೋಮವಾರ ಬಾ, ಬರುವಾಗ ತಟ್ಟೆ ಇಡ್ಲಿ ತಾ.

ಗುಜರಿ_ಗುರು
800ರ ನಾಲ್ಕು ಬಾಗಿಲು, ಬಾನೆಟ್ ಯಾರಿಗಾದರೂ ಕೊಟ್ಟಾಯ್ತಾ?

ಕೆಂಪುಧೂಳು
ಇಲ್ಲ ಗುರು. ಬಿಲ್ ಬೇಕಾ?